ಡೆಸ್ಸಿ ಮಲ್ಲನ್‌ನ ಸ್ಪೂಲು

ಅನ್ವರ್ ಕಿಲ್ಲೇದಾರ್ 2021ರ ಜನವರಿ 27ರ ಬುಧವಾರ ಬೆಳಗ್ಗೆ ಹತ್ತೂವರೆಗೆ ಬ್ಯೂಮಾಂಟಿನ ಆಸ್ಪತ್ರೆಯಲ್ಲಿ ತೀರಿಕೊಂಡ. ಕೋವಿಡ್. ವಯಸ್ಸು ಐವತ್ತಾರು. ಹದಿನಾರು ವರ್ಷ ಡಬ್ಲಿನ್ನಿನಲ್ಲಿ ಬಸ್ಸು ಓಡಿಸಿದ್ದ.

ಫೋನು ಬಂದಾಗ ಸುಬ್ರಾಯ ಮನೆಯ ಮೇಲಿನ ಕೋಣೆಯಲ್ಲಿ ಆಫೀಸಿನ ಮೀಟಿಂಗಿನಲ್ಲಿದ್ದ. ಪರದೆಯ ಮೇಲೆ ಒಂಬತ್ತು ಮುಖಗಳಿದ್ದವು. ಅನ್ವರನ ಹೆಂಡತಿ ನಿಗಾರ್ ಎರಡೇ ಮಾತು ಹೇಳಿದಳು: "ಹೋದ್ರು, ಅಣ್ಣಾರ." ಸುಬ್ರಾಯ ಕ್ಯಾಮೆರಾ ಆರಿಸಿ ಕುರ್ಚಿಯಲ್ಲೇ ಕೂತ. ಅವನ ಮನಸ್ಸಿಗೆ ಮೊದಲು ಬಂದದ್ದು ದುಃಖವಲ್ಲ. ಇನ್ನು ಅನ್ವರನಿಗೆ ಹೇಳಬೇಕಾಗಿಲ್ಲ ಎಂಬ ಹಗುರ. ಅದು ಅರ್ಧ ಉಸಿರಿನಷ್ಟು ಹೊತ್ತು ಇತ್ತೇನೋ. ಆದರೆ ಇತ್ತು, ಮತ್ತು ಇತ್ತೆಂಬುದನ್ನು ಸುಬ್ರಾಯ ತಾನೇ ಕಣ್ಣಾರೆ ಕಂಡ. ಅಂಥ ಮನುಷ್ಯನ ಜೊತೆ ಇನ್ನು ಮುಂದೆ ಒಂದೇ ಮೈಯಲ್ಲಿ ಬಾಳಬೇಕಲ್ಲ ಎಂದು ಅವನಿಗೆ ಆಗ ಅನ್ನಿಸಿತು.

ಅವರಿಬ್ಬರ ಪರಿಚಯವಾದದ್ದು ಬಸ್ಸಿನಲ್ಲಿ. 2009ರ ಚಳಿಗಾಲ. ಸುಬ್ರಾಯ ಬೆಂಗಳೂರಿನ ಚಾಮರಾಜಪೇಟೆಯವನು. ಗ್ರ್ಯಾಂಡ್ ಕೆನಾಲ್ ಡಾಕ್‌ನ ಒಂದು ಕಂಪನಿಯಲ್ಲಿ ಯಂತ್ರಗಳ ಕೈಪಿಡಿ ಬರೆಯುವ ಕೆಲಸಕ್ಕೆ ಆಗತಾನೆ ಸೇರಿದ್ದ. ಒಂದು ಸಂಜೆ ಸೈಕಲ್ಲಿನವನೊಬ್ಬ ಬಸ್ಸಿನ ಮುಂದೆ ಅಡ್ಡ ನುಗ್ಗಿದ. ಚಾಲಕ ಬ್ರೇಕ್ ಒತ್ತಿ, ತನ್ನಷ್ಟಕ್ಕೆ, "ಯಪ್ಪಾ, ಮನ್ಯಾಗ ಹೇಳಿ ಬಂದೀಯೇನು?" ಅಂದ. ದಿನವೂ ಅದೇ ಬಸ್ಸಿಗೆ ಬಂದು ಮುಂದಿನ ಸೀಟಿನಲ್ಲಿ ಪುಸ್ತಕ ಹಿಡಿದು ಕೂರುತ್ತಿದ್ದ ಸುಬ್ರಾಯ ತಲೆಯೆತ್ತಿ, "ಹುಬ್ಬಳ್ಳಿಯವರಾ?" ಎಂದು ಕೇಳಿದ. ಚಾಲಕ ಕನ್ನಡಿಯಲ್ಲಿ ನೋಡಿ, "ಪುಸ್ತಕ ಓದ್ಕೋತ ನಿಮ್ಮ ಸ್ಟಾಪ್ ದಾಟಿ ಎರಡು ಸ್ಟಾಪ್ ಆತು, ಮಾಸ್ತರ" ಅಂದ. ಅಂದಿನಿಂದ ಸುಬ್ರಾಯ ಅವನಿಗೆ ಮಾಸ್ತರನೇ. ಜೀವನದಲ್ಲಿ ಒಂದು ದಿನವೂ ಪಾಠ ಹೇಳಿದವನಲ್ಲ. ಆದರೆ ಆ ಹೆಸರು ಹೋಗಲಿಲ್ಲ.

ಅನ್ವರ್ ಬೆಳೆದದ್ದು ಅಪ್ಪನ 'ಕಿಲ್ಲೇದಾರ್ ಸೌಂಡ್ ಸರ್ವಿಸ್' ಅಂಗಡಿಯಲ್ಲಿ. ಮದುವೆಗೆ ಮೈಕು, ಉರುಸಿಗೆ ಮೈಕು, ಗಣಪತಿಗೂ ಅದೇ ಮೈಕು. ಮಳೆಗಾಲದಲ್ಲಿ ಮೈಕಿಗೆ ಕೆಲಸವಿಲ್ಲದಾಗ ಟೇಪ್ ರೆಕಾರ್ಡರ್ ರಿಪೇರಿ. ಆಮೇಲೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹದಿನಾಲ್ಕು ವರ್ಷ ಕಂಡವರ ಅಂಗಡಿಯಲ್ಲಿ ಬೆಸುಗೆ ಹಾಕಿದ. ನಿಗಾರ್ ಗದಗಿನವಳು, ನರ್ಸು. ಐರ್ಲೆಂಡಿನಲ್ಲಿ ನರ್ಸುಗಳು ಬೇಕೆಂದು ಕರೆ ಬಂದಾಗ ಅವಳು ಮೊದಲು ಬಂದಳು; ವರ್ಷದ ಮೇಲೆ ಎರಡು ಮಕ್ಕಳನ್ನು ಕರೆದುಕೊಂಡು ಅನ್ವರ್ ಬಂದ. ಟೇಪ್ ರೆಕಾರ್ಡರ್ ರಿಪೇರಿ ಮಾಡುವವನು ಯಾರಿಗೂ ಬೇಕಿರಲಿಲ್ಲ. ಬಸ್ಸು ಓಡಿಸುವವರು ಬೇಕಿದ್ದರು.

ಇಲ್ಲಿನ ಇಂಗ್ಲಿಷು ಅವನಿಗೆ ಮೊದಲ ವರ್ಷ ಕಿವಿಗೆ ಹತ್ತಲಿಲ್ಲ. ಡಿಪೋದಲ್ಲಿ ಬೆಳಗಿನ ಪಾಳಿಯವರು ರೇಡಿಯೊದಲ್ಲಿ ಕಂಟ್ರಿ ಹಾಡುಗಳನ್ನು ಹಾಕುತ್ತಿದ್ದರು. ಐರ್ಲೆಂಡಿನ ಹಳ್ಳಿಗಾಡಿನಲ್ಲಿ ಅಮೆರಿಕದ ದನಗಾಹಿಗಳ ಧಾಟಿಯಲ್ಲಿ ಹಾಡುವವರು ಬಹಳ. ಅನ್ವರನಿಗೆ ಅದು ಹಿಡಿಸಿಬಿಟ್ಟಿತು. "ಇವ್ರು ನಿಧಾನ ಹಾಡ್ತಾರ್ರಿ, ಮಾಸ್ತರ. ಒಂದೊಂದು ಮಾತೂ ಬಿಡಿಸಿ ಕೈಯಾಗ ಇಡ್ತಾರ. ನಾಯಿ ಸತ್ತದ್ದು, ಹೇಂತಿ ಬಿಟ್ಟು ಹೋದದ್ದು, ಅವ್ವಗ ಕಾಗದ ಬರೀಲಿಲ್ಲ ಅನ್ನೋದು. ಇಂಗ್ಲಿಷ್ ಕಲಿಯಾಕ ಇದಕ್ಕಿಂತ ಸಾಲಿ ಬೇಕೇನು?" ಹೀಗೆ ಕಲಿತ ಇಂಗ್ಲಿಷಿನಲ್ಲಿ ಅವನು ಪ್ರಯಾಣಿಕರೊಡನೆ ಮಾತಾಡುತ್ತಿದ್ದ. ಸುಬ್ರಾಯನ ಮಗಳು ಅದಿತಿ, ಇಲ್ಲೇ ಹುಟ್ಟಿದವಳು, ಇಲ್ಲಿನವರ ರಾಗದಲ್ಲೇ ಇಂಗ್ಲಿಷ್ ಆಡುವವಳು, "ಅನ್ವರ್ ಅಂಕಲ್ ಕ್ಯಾವನ್ ಹಳ್ಳಿ ಕಡೆಯ ಅಜ್ಜನ ಹಾಗೆ ಮಾತಾಡ್ತಾರೆ" ಎಂದು ನಗುತ್ತಿದ್ದಳು. ಅವನಿಗೆ ಅದು ಹೊಗಳಿಕೆಯಾಗಿಯೇ ಕೇಳಿಸುತ್ತಿತ್ತು.

ಬ್ರೀಡಾ ಎಂಬ ಮುದುಕಿ ನಿಜವಾಗಿಯೂ ಕ್ಯಾವನ್ ಕಡೆಯವಳು. ಹರೆಯದಲ್ಲಿ ಒಂದು ಡಾನ್ಸ್ ಹಾಲಿನ ಟಿಕೆಟ್ ಕಿಟಕಿಯಲ್ಲಿ ಕೂರುತ್ತಿದ್ದವಳು. ಪ್ರತಿ ಗುರುವಾರ ಬ್ಲಾಂಚರ್ಡ್ಸ್‌ಟೌನಿನ ಅಂಗಡಿಗಳಿಗೆ ಅನ್ವರನ ಬಸ್ಸಿನಲ್ಲೇ ಹೋಗುವಳು. ಬೇರೆ ಚಾಲಕ ಬಂದರೆ ಆ ಬಸ್ಸನ್ನು ಬಿಟ್ಟು ನಿಲ್ಲುವಳು. ಒಂದು ದಿನ ಅನ್ವರ್ ಗುನುಗುತ್ತಿದ್ದ ಹಾಡನ್ನು ಕೇಳಿ, "ಅದು ಡೆಸ್ಸಿ ಮಲ್ಲನ್ ಹಾಡು, ಎರಡನೇ ಸಾಲು ತಪ್ಪು ಹೇಳ್ತಿದ್ದೀಯ" ಎಂದು ತಿದ್ದಿದಳು. ಹನ್ನೊಂದು ವರ್ಷದ ಸ್ನೇಹ ಅಲ್ಲಿಂದ ಶುರು. 2020ರ ಸೆಪ್ಟೆಂಬರಿನಲ್ಲಿ, ಸೊಂಟ ಮುರಿದ ಮೇಲೆ, ಅವಳನ್ನು ನರ್ಸಿಂಗ್ ಹೋಮಿಗೆ ಸೇರಿಸಿದರು. ಮನೆ ಖಾಲಿ ಮಾಡುವಾಗ ಅಟ್ಟದಲ್ಲಿ ಸಿಕ್ಕ ಒಂದು ಸ್ಪೂಲನ್ನು ಅವಳು ಅನ್ವರನಿಗೆ ಕಳಿಸಿದಳು. ಊಟದ ತಟ್ಟೆಯಷ್ಟು ಅಗಲದ ಟೇಪಿನ ಸುರುಳಿ. 1968ರದ್ದು. ಪೆಟ್ಟಿಗೆಯ ಮೇಲೆ ದೊಡ್ಡ ಟೋಪಿ ಹಾಕಿದ ಡೆಸ್ಸಿ ಮಲ್ಲನ್ ಬೇಲಿಗೆ ಒರಗಿ ನಿಂತಿದ್ದ. ಹಿಂದೆ ಇದ್ದ ಹಸುಗಳು ಮಾತ್ರ ಪಕ್ಕಾ ಐರಿಷ್ ಹಸುಗಳು. ಹನ್ನೆರಡು ಹಾಡು. ಇದನ್ನು ಹಾಡಿಸುವ ಯಂತ್ರ ಕೆಟ್ಟು ಮೂವತ್ತು ವರ್ಷವಾಯಿತೆಂದೂ, ಸಾಯುವ ಮುಂಚೆ ಒಮ್ಮೆ ಕೇಳಬೇಕೆಂದೂ ಚೀಟಿ ಬರೆದಿದ್ದಳು.

ಫೆಬ್ರುವರಿ ಒಂದು ಅವಳ ಹುಟ್ಟುಹಬ್ಬ. ಎಂಬತ್ನಾಲ್ಕು ತುಂಬುತ್ತಿತ್ತು. ಅಷ್ಟರೊಳಗೆ ಸ್ಪೂಲಿನ ಹಾಡುಗಳನ್ನು ಕಾಪಿ ಮಾಡಿ ಕಳಿಸುತ್ತೇನೆ, ನರ್ಸುಗಳು ಫೋನಿನಲ್ಲೇ ಹಾಡಿಸಬಹುದು ಎಂದು ಅನ್ವರ್ ಮಾತು ಕೊಟ್ಟ. ಹಾಗೆ ಮಾತು ಕೊಡಲು ಅವನಿಗೆ ಧೈರ್ಯವಿದ್ದದ್ದು ಸುಬ್ರಾಯನ ಮನೆಯಲ್ಲಿ ಸ್ಪೂಲ್ ಯಂತ್ರವೊಂದು ಇದ್ದದ್ದರಿಂದ. ಎರಡು ವರ್ಷದ ಹಿಂದೆ ಹಳೇ ಸಾಮಾನಿನ ಅಂಗಡಿಯಲ್ಲಿ ಸಿಕ್ಕ ಅದನ್ನು ಅನ್ವರನೇ ಬಿಚ್ಚಿ, ಒರೆಸಿ, ಎಣ್ಣೆ ಬಿಟ್ಟು ಜೀವ ಬರಿಸಿದ್ದ. ತನ್ನ ಬಾಡಿಗೆ ಮನೆಯಲ್ಲಿ ಇಡಲು ಜಾಗವಿಲ್ಲದೆ ಆಷ್‌ಟೌನಿನ ಸುಬ್ರಾಯನ ಮನೆಯಲ್ಲಿ ಇಟ್ಟಿದ್ದ.

ನವೆಂಬರ್ ಮೊದಲ ವಾರ ಅನ್ವರ್ ಸ್ಪೂಲನ್ನು ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿ ತಂದು ಬಾಗಿಲಲ್ಲಿಟ್ಟು, ಗೇಟಿನಾಚೆ ಹೋಗಿ ನಿಂತು ಫೋನು ಮಾಡಿದ. ಆಗ ಯಾರೂ ಯಾರ ಮನೆಯೊಳಗೂ ಹೋಗುವಂತಿರಲಿಲ್ಲ. ಸುಬ್ರಾಯ ಕಿಟಕಿಯಿಂದ ಕೈ ಬೀಸಿದ.

"ಬಿಸಿಲಿಗೆ ಇಡಬ್ಯಾಡ್ರಿ, ಮಾಸ್ತರ. ಹೀಟರ್ ಹತ್ರನೂ ಬ್ಯಾಡ. ಕೂಸಿನಂಗ ನೋಡ್ಕೋರಿ."

"ಆಯ್ತಪ್ಪ. ಭಾನುವಾರ ಕಾಪಿ ಮಾಡ್ತೀನಿ."

"ನಿಮ್ಮ ಭಾನುವಾರ ನಂಗೊತ್ತೈತಿ. ಒಂದು ಪುಸ್ತಕ ಮುಗಿಯೋತನಕ ಭಾನುವಾರ ಬರೂದಿಲ್ಲ."

ಅವನ ಬಸ್ಸು ಆ ವರ್ಷವಿಡೀ ನಿಂತಿರಲಿಲ್ಲ. ಆಸ್ಪತ್ರೆಯ ಕೆಲಸದವರು, ಅಂಗಡಿಯ ಕೆಲಸದವರು ಅವನ ಬಸ್ಸಿನಲ್ಲೇ ಹೋಗಬೇಕಿತ್ತು. ಸುಬ್ರಾಯನಿಗೆ ಆಸ್ತಮಾ. ಮಾರ್ಚಿನಿಂದ ಮನೆಯಲ್ಲೇ ಕೂತು ಕೆಲಸ. ತರಕಾರಿಯನ್ನು ಉಪ್ಪು ನೀರಲ್ಲಿ ತೊಳೆಯುತ್ತಿದ್ದ, ಹಾಲಿನ ಡಬ್ಬಿಯನ್ನು ಸೋಪಿನಲ್ಲಿ, ಕಾಗದಗಳನ್ನು ಮೂರು ದಿನ ಹೊರಗಿಟ್ಟು ಒಳಗೆ ತರುತ್ತಿದ್ದ. ಆ ದಿನ ಕೈಗವಸು ಹಾಕಿಕೊಂಡು ಡಬ್ಬಿಯನ್ನು ಒಳಗೆ ತಂದ. ತಗಡಿಗೆ ಸ್ಯಾನಿಟೈಸರ್ ಹೊಡೆದು ಒರೆಸಿದ. ಮುಚ್ಚಳ ತೆಗೆದು ರಟ್ಟಿನ ಪೆಟ್ಟಿಗೆಗೆ ಹೊಡೆದ. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಅನ್ವರ್ ಸ್ಪೂಲನ್ನು ಕೈಯಲ್ಲಿ ತೆಗೆದು, ತಿರುಗಿಸಿ, ಹತ್ತಿರ ಹಿಡಿದು ನೋಡಿರುತ್ತಾನೆ, ಅದರ ಧೂಳನ್ನು ಬಾಯಿಂದ ಊದಿರುತ್ತಾನೆ ಎಂಬುದು ಸುಬ್ರಾಯನಿಗೆ ಗೊತ್ತಿತ್ತು. ಸ್ಪೂಲಿನ ಎರಡೂ ಬದಿಗೆ, ಟೇಪಿನ ಸುತ್ತುಗಳ ಮೇಲೆಯೇ, ಒದ್ದೆಯಾಗುವ ತನಕ ಹೊಡೆದ. ಒದ್ದೆಯಾದದ್ದು ಒಣಗಬೇಕಲ್ಲ ಎಂದು ಹಾಟ್ ಪ್ರೆಸ್ಸಿನಲ್ಲಿಟ್ಟ. ಬಿಸಿನೀರಿನ ಹಂಡೆಯ ಪಕ್ಕ ಬಟ್ಟೆ ಬೆಚ್ಚಗಿಡುವ ಕಪಾಟು ಅದು. ಇಲ್ಲಿ ಎಲ್ಲ ಮನೆಗಳಲ್ಲೂ ಇರುತ್ತದೆ. ಟವೆಲ್ಲುಗಳ ನಡುವೆ ಡೆಸ್ಸಿ ಮಲ್ಲನ್ ಮೂರು ದಿನ ಬೆಂದ.

ಭಾನುವಾರ ಯಂತ್ರಕ್ಕೆ ಹಾಕಿ ಗುಂಡಿ ಒತ್ತಿದಾಗ ಹಾಡು ಬಂತು. ಒಂದು ಗಿಟಾರು, ಆಮೇಲೆ ಗಂಡಸಿನ ದನಿ, ತೀರಾ ಹತ್ತಿರ ಕೂತು ಹೇಳಿದಂತೆ. ಅವ್ವನಿಗೆ ಕಾಗದ ಬರೆಯದವನ ಹಾಡೇ. ಒಂದೂವರೆ ನಿಮಿಷವಾಗುವಷ್ಟರಲ್ಲಿ ದನಿ ಮಂಕಾಯಿತು. ಕೀಚಲು ಸದ್ದು ಬಂತು. ಟೇಪಿನ ಸುತ್ತುಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಯಂತ್ರ ಎಳೆದಂತೆ ಕಂದು ಬಣ್ಣದ ಲೇಪ ಸಿಪ್ಪೆಯಾಗಿ ಕಿತ್ತು ಬರುತ್ತಿತ್ತು. ಸುಬ್ರಾಯ ನಿಲ್ಲಿಸುವ ಮುಂಚೆಯೇ ಟೇಪು ತುಂಡಾಯಿತು. ಯಂತ್ರದ ಬಾಯಿಯಲ್ಲಿ ನಶ್ಯದಂಥ ಪುಡಿ. ಒಂದು ಚಿಟಿಕೆ ಬೆರಳಿಗೆ ಹಚ್ಚಿಕೊಂಡು ನೋಡಿದ. ಎಷ್ಟು ಹಾಡು ಅದರಲ್ಲಿತ್ತೋ.

ಆಗಲೇ ಹೇಳಿದ್ದರೆ ಎಲ್ಲ ಮುಗಿಯುತ್ತಿತ್ತು. ಅನ್ವರ್ ಬೈಯುತ್ತಿದ್ದ, ಎರಡು ದಿನ ಬಿಟ್ಟು ಉಳಿದ ಟೇಪನ್ನು ಮೊಳಮೊಳವಾಗಿ ಬಿಡಿಸುತ್ತ ಕೂರುತ್ತಿದ್ದ. ಆದರೆ ಹೇಳುವುದೆಂದರೆ, ನಿನ್ನ ಕೈ ಮುಟ್ಟಿದ್ದೆಂದು ನಾನು ಇದನ್ನು ತೊಳೆದೆ ಎಂದು ಹೇಳಬೇಕಿತ್ತು. ಏಪ್ರಿಲಿನಲ್ಲಿ ಹುಬ್ಬಳ್ಳಿಯಲ್ಲಿ ಅನ್ವರನ ತಮ್ಮ ಹಣ್ಣಿನ ಗಾಡಿ ತೆಗೆದುಕೊಂಡು ಒಂದು ಓಣಿಗೆ ಹೋದಾಗ, ಹೆಸರು ಕೇಳಿ, ನಿನ್ನ ಕೈಯ ಹಣ್ಣು ಬೇಡ ಎಂದು ವಾಪಸು ಕಳಿಸಿದ್ದರು. ಹನ್ನೆರಡು ವರ್ಷ ಅವನಿಂದಲೇ ಚಿಕ್ಕು ಕೊಂಡ ಓಣಿ. ಅನ್ವರ್ ಅದನ್ನು ಫೋನಿನಲ್ಲಿ ನಗುತ್ತಲೇ ಹೇಳಿದ್ದ: "ಚಿಕ್ಕೂಗೂ ಜಾತಿ ಬಂತ್ರಿ, ಮಾಸ್ತರ." ಸುಬ್ರಾಯ ಅಂದು ಕೋಪದಿಂದ ತನ್ನ ದಾಯಾದಿಗಳ ವಾಟ್ಸಾಪ್ ಗುಂಪಿನಲ್ಲಿ ಉದ್ದನೆಯ ಪತ್ರ ಬರೆದಿದ್ದ. ಅದನ್ನು ಅನ್ವರನಿಗೂ ಕಳಿಸಿದ್ದ, ಮೆಚ್ಚಲಿ ಎಂದು. ಈಗ ಅದೇ ಕೈಯಿಂದ ಹೀಗೆ ಮಾಡಿದ್ದ. ತನ್ನದು ಆಸ್ತಮಾದ ಭಯ, ಬಸ್ಸಿನ ಭಯ, ಯಾರು ತಂದಿಟ್ಟಿದ್ದರೂ ಹಾಗೇ ಮಾಡುತ್ತಿದ್ದೆ ಎಂದು ಅವನು ತನಗೆ ತಾನೇ ಹೇಳಿಕೊಂಡ. ಬಹುಶಃ ನಿಜವೇ. ಆದರೆ ಕೇಳುವವನಿಗೆ ಅದು ಹೇಗೆ ಕೇಳಿಸೀತು?

"ಬೆಲ್ಟ್ ಹೋಗಿದೆ ಕಣೋ," ಅಂದ ಸುಬ್ರಾಯ, ಅನ್ವರ್ ಕೇಳಿದಾಗ. "ಮೋಟರ್ ತಿರುಗುತ್ತೆ, ಸ್ಪೂಲ್ ತಿರುಗಲ್ಲ."

ಬೆಲ್ಟಿಗೆ ಏನೂ ಆಗಿರಲಿಲ್ಲ. ಡಿಸೆಂಬರಿನಲ್ಲಿ ಬೆಲ್ಟು ಜರ್ಮನಿಯಿಂದ ಬರುತ್ತಿದೆ ಎಂದ. ಕ್ರಿಸ್‌ಮಸ್ಸಿಗೆ ನಿಯಮ ಸಡಿಲವಾಗಿ ಅನ್ವರ್ ಬರುತ್ತೇನೆಂದಾಗ ಅದಿತಿಗೆ ಕೆಮ್ಮು ಎಂದ. ಅದಿತಿ ಪಕ್ಕದಲ್ಲೇ ಕೂತಿದ್ದಳು. ಅಪ್ಪನನ್ನು ನೋಡಿ ಎದ್ದು ಹೋದಳು. ಜನವರಿಯ ಒಂಬತ್ತಕ್ಕೆ, ಶನಿವಾರ, ಅನ್ವರ್ ಮತ್ತೆ ಫೋನು ಮಾಡಿದ. ಮತ್ತೆ ಎಲ್ಲ ಬಿಗಿಯಾಗಿತ್ತು; ಮನೆಯಿಂದ ಐದು ಕಿಲೋಮೀಟರ್ ಆಚೆ ಯಾರೂ ಹೋಗುವಂತಿರಲಿಲ್ಲ.

"ಜರ್ಮನಿ ಬೆಲ್ಟ್ ನಡಕೋತ ಬರಾಕತ್ತೈತೇನ್ರಿ? ಮುದುಕಿ ಹುಟ್ಟಿದ ದಿನ ಬಂತು. ನಾನಽ ಬರ್ತೀನಿ. ಮಾಸ್ಕ್ ಹಾಕ್ಕೊಂಡು, ನಿಮ್ಮ ಶೆಡ್ಡಿನ್ಯಾಗ ಕುಂತು ನೋಡ್ತೀನಿ. ಹದಿನೈದು ಮಿನಿಟ್."

"ಐದು ಕಿಲೋಮೀಟರ್ ರೂಲ್ ಇದೆಯಲ್ಲಪ್ಪ. ಗಾರ್ಡಾ ಪೊಲೀಸರು ಹಿಡಿದ್ರೆ?"

"ನಾ ಬಸ್ಸಿನಂವ ಅದೀನ್ರಿ. ನಮ್ಮ ಬಾಗಲದಿಂದ ನಿಮ್ಮ ಬಾಗಲಕ್ಕ ನಾಕು ಕಿಲೋಮೀಟರ್ ಮುನ್ನೂರು ಮೀಟರ್."

ಸುಬ್ರಾಯ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದ. ಆಮೇಲೆ, "ನಂಗೆ ಆಸ್ತಮಾ, ಅನ್ವರ್. ನೀನು ಬಸ್ಸಲ್ಲಿ..." ಎಂದು ಅರ್ಧಕ್ಕೆ ಬಿಟ್ಟ.

"ಖರೇ ಐತ್ರಿ," ಅಂದ ಅನ್ವರ್. "ನನಗ ಹೊಳೀಲಿಲ್ಲ ನೋಡ್ರಿ. ದಿನಾ ನಲವತ್ತು ಮಂದಿ ನನ್ನ ಬೆನ್ನ ಹಿಂದ ಉಸಿರಾಡ್ತಾರ. ಬ್ಯಾಡ. ಹಂಗಾರ ಒಂದು ಕೆಲಸ ಮಾಡ್ರಿ. ಹಳೇ ಬೆಲ್ಟ್ ತಗೀರಿ, ಅದರ ಸುತ್ತ ದಾರ ಹಿಡದು ಅಳತಿ ಹೇಳ್ರಿ. ಅಗಲ ಎಷ್ಟು, ಉದ್ದ ಎಷ್ಟು. ಮುಂದಿಂದು ನನಗ ಬಿಡ್ರಿ."

"ಈಗಲೇ ಬೇಕಾ?"

"ನಾ ಲೈನಿನ್ಯಾಗ ಇರ್ತೀನಿ. ಹೋಗಿ ಬರ್ರಿ."

ಯಂತ್ರ ಕೆಳಗಿನ ಕೋಣೆಯಲ್ಲಿತ್ತು. ಸುಬ್ರಾಯ ಇಳಿದು ಹೋಗಲಿಲ್ಲ. ಫೋನನ್ನು ಮೇಜಿನ ಮೇಲಿಟ್ಟು, ದಾರ ಹಿಡಿದು ಅಳೆಯಲು ಬೇಕಾಗುವಷ್ಟು ಹೊತ್ತು ಕುರ್ಚಿಯಲ್ಲೇ ಕೂತ. ಹೊರಗೆ ಪಕ್ಕದ ಮನೆಯವರು ಕಸದ ಡಬ್ಬಿ ಎಳೆಯುತ್ತಿದ್ದರು. ಆಮೇಲೆ ಫೋನೆತ್ತಿ, "ಐದು ಮಿಲಿಮೀಟರ್ ಅಗಲ, ಮೂವತ್ತೊಂದು ಸೆಂಟಿಮೀಟರ್ ಉದ್ದ" ಎಂದ.

"ಗ್ರ್ಯಾಂಡ್," ಅಂದ ಅನ್ವರ್, ಆಗಲಿ ಎನ್ನಲು ಇಲ್ಲಿನವರು ಆಡುವಂತೆ.

ಅದೇ ಕೊನೆಯ ಮಾತು. ಹದಿಮೂರಕ್ಕೆ ಜ್ವರ ಬಂತು. ಹದಿನಾರಕ್ಕೆ ಆಂಬುಲೆನ್ಸ್ ಬಂತು. ಹದಿನೇಳಕ್ಕೆ ಉಸಿರಾಟದ ಯಂತ್ರಕ್ಕೆ ಹಾಕಿ ನಿದ್ದೆ ಬರಿಸಿದರು. ಆಮೇಲಿನ ಹತ್ತು ದಿನ ಅವನು ಮಾಡಿದ್ದು ಏನೂ ಇಲ್ಲ. ಎಲ್ಲ ಬೇರೆಯವರು ಅವನಿಗೆ ಮಾಡಿದ್ದು. ಮಣ್ಣಿಗೆ ಹತ್ತೇ ಜನಕ್ಕೆ ಅವಕಾಶ. ಸುಬ್ರಾಯ ಆ ಹತ್ತರಲ್ಲಿ ಇರಲಿಲ್ಲ. ಫೋನಿನಲ್ಲಿ ನೋಡಿದ. ಗಾಳಿಗೆ ಪ್ರಾರ್ಥನೆ ಸರಿಯಾಗಿ ಕೇಳಿಸಲಿಲ್ಲ.

ಫೆಬ್ರುವರಿ ಒಂದರಂದು ಅವನು ನರ್ಸಿಂಗ್ ಹೋಮಿಗೆ ಫೋನು ಮಾಡಿ ಬ್ರೀಡಾಳನ್ನು ಕೇಳಿದ. ಅನ್ವರ್ ಹೋದದ್ದು ಅವಳಿಗೆ ಆಗಲೇ ತಿಳಿದಿತ್ತು. ಸುಬ್ರಾಯ ಸ್ಪೂಲಿನ ಕತೆಯನ್ನು, ಸ್ಯಾನಿಟೈಸರಿನಿಂದ ಬೆಲ್ಟಿನ ತನಕ, ಏನೂ ಬಿಡದೆ ಹೇಳಿದ. ಆ ಕಡೆ ಅವಳು ಟೀವಿಯ ಸದ್ದು ತಗ್ಗಿಸಿದಳು.

"ಡೆಸ್ಸಿ ಮಲ್ಲನ್ ಅಂಥ ದೊಡ್ಡ ಹಾಡುಗಾರ ಏನಲ್ಲ," ಅಂದಳು. "ಹಾಳಾದ ಟೇಪನ್ನ ಆ ಹುಡುಗನ ಕೈಗೇ ವಾಪಸ್ ಕೊಡೋಕೆ ಏನಾಗಿತ್ತು ನಿಂಗೆ? ಅವನು ಏನಾದ್ರೂ ಮಾಡ್ತಿದ್ದ." ಐವತ್ತಾರು ವರ್ಷದವನನ್ನು ಹುಡುಗ ಎಂದಳು. ಕೇಕ್ ಕತ್ತರಿಸಲು ಕರೆಯುತ್ತಿದ್ದಾರೆ ಎಂದು ಫೋನು ಇಟ್ಟಳು.

ಅಷ್ಟು ದಿನದಲ್ಲಿ ಸುಬ್ರಾಯ ತನಗೊಂದು ಸಮಾಧಾನ ಕಟ್ಟಿಕೊಂಡಿದ್ದ. ಅನ್ವರನಿಗೆ ಎಲ್ಲ ಗೊತ್ತಿತ್ತು ಎಂಬ ಸಮಾಧಾನ. ಸೌಂಡ್ ಸರ್ವಿಸಿನಲ್ಲಿ ಬೆಳೆದವನು, ಎರಡು ತಿಂಗಳು ಬೆಲ್ಟಿನ ಕತೆ ಕೇಳಿ ನಂಬುವವನೇ? ಗೊತ್ತಿದ್ದೂ ಆಡಲಿಲ್ಲ, ಮಾಸ್ತರನ ಮಾನ ಉಳಿಸಿದ, ಆ 'ಗ್ರ್ಯಾಂಡ್' ಅಂದರೆ ಕ್ಷಮಿಸಿದೆ ಎಂದೇ ಅರ್ಥ. ದಿನಕ್ಕೆ ಹತ್ತು ಸಲ ಹೀಗೆ ಹೇಳಿಕೊಂಡು ಅವನು ಊಟ ಮಾಡುತ್ತಿದ್ದ, ಕೆಲಸ ಮಾಡುತ್ತಿದ್ದ.

ಮಾರ್ಚಿನಲ್ಲಿ ನಿಗಾರ್ ಬಂದಳು. ಅನ್ವರ್ ಎರವಲು ತಂದಿದ್ದ ನಾಲ್ಕು ಪುಸ್ತಕಗಳನ್ನು ಮೆಟ್ಟಿಲ ಮೇಲಿಟ್ಟು ಗೇಟಿನ ಹತ್ತಿರ ಹಿಂದೆ ಸರಿದು ನಿಂತಳು. ಮಾಸ್ಕಿನ ಮೇಲೆ ಕಣ್ಣಷ್ಟೇ ಕಾಣುತ್ತಿತ್ತು. ಸುಬ್ರಾಯ ಬಾಗಿಲಲ್ಲಿ ನಿಂತೇ ಎಲ್ಲ ಹೇಳಿದ. ಹೇಳಿ, "ಅವನಿಗೆ ಗೊತ್ತಾಗಿತ್ತು ಅನ್ಸುತ್ತೆ, ನಿಗಾರ್. ನನಗೋಸ್ಕರ ಸುಮ್ಮನಿದ್ದ" ಅಂದ.

ನಿಗಾರ್ ಇಲ್ಲವೆಂದು ತಲೆಯಾಡಿಸಿದಳು. "ಅವರಿಗೆ ಗೊತ್ತಿರಲಿಲ್ರಿ, ಅಣ್ಣಾರ. ನೀವು ಹೇಳಿದ್ದು ಅವರು ನಂಬಿದ್ರು."

ಅವಳು ಸಿಟ್ಟಿನಿಂದ ಹೇಳಲಿಲ್ಲ. ಆಸ್ಪತ್ರೆಯಲ್ಲಿ ರೋಗಿಯ ಮನೆಯವರಿಗೆ ಹೇಳುವಂತೆ, ಇದ್ದದ್ದನ್ನು ಇದ್ದಂತೆ ಹೇಳಿದಳು. ಹದಿನಾರನೇ ತಾರೀಕು ಮಧ್ಯಾಹ್ನ ಅವಳೇ ಆಂಬುಲೆನ್ಸಿಗೆ ಫೋನು ಮಾಡಿದ್ದಳು. ಬರಲು ನಲವತ್ತು ನಿಮಿಷ ಎಂದರು. ಮಲಗಿರಿ ಎಂದರೆ ಅನ್ವರ್ ಕೇಳಲಿಲ್ಲ. ಗೋಡೆ ಹಿಡಿದು ಅಡುಗೆಮನೆಗೆ ಬಂದು ಮೇಜಿನ ಮುಂದೆ ಕೂತ. ಮಗನ ಸೈಕಲ್ಲಿನ ಹಳೆಯ ಟ್ಯೂಬನ್ನು ತರಿಸಿದ. ಎರಡು ಮಾತಿನ ನಡುವೆ ಮೂರು ಸಲ ಉಸಿರು ತೆಗೆದುಕೊಳ್ಳುತ್ತಿದ್ದ. ಆದ್ದರಿಂದ ಮಾತು ಬಿಟ್ಟು ಕೈ ಸನ್ನೆಯಲ್ಲೇ ಕತ್ತರಿ ಕೇಳಿದ, ಸ್ಕೇಲು ಕೇಳಿದ. ಟ್ಯೂಬನ್ನು ಒರೆಸಿ, ಐದು ಮಿಲಿಮೀಟರ್ ಅಗಲಕ್ಕೆ ಬಾಲ್ ಪೆನ್ನಿನಲ್ಲಿ ಗೆರೆ ಎಳೆದು, ಗೆರೆ ತಪ್ಪದಂತೆ ಕತ್ತರಿಸಿದ. ಮೂವತ್ತೊಂದು ಸೆಂಟಿಮೀಟರ್ ಅಳೆದ. ಮತ್ತೊಮ್ಮೆ ಅಳೆದ. ಎರಡು ತುದಿಯನ್ನೂ ಓರೆಯಾಗಿ ಕೊಯ್ದು, ಮರಳು ಕಾಗದದಲ್ಲಿ ಉಜ್ಜಿ, ಪಂಕ್ಚರ್ ಅಂಟು ಹಚ್ಚಿ, ಅದು ಸ್ವಲ್ಪ ಒಣಗುವ ತನಕ ಕಣ್ಣು ಮುಚ್ಚಿ ಕಾದು, ಒಂದರ ಮೇಲೊಂದು ಕೂರಿಸಿ ಹೆಬ್ಬೆರಳಿನಿಂದ ಒತ್ತಿ ಹಿಡಿದ. ಹೊರಗೆ ಆಂಬುಲೆನ್ಸ್ ನಿಂತ ಸದ್ದಾದಾಗಲೂ ಒತ್ತಿ ಹಿಡಿದೇ ಇದ್ದ. ಅವರು ಒಳಗೆ ಬಂದು ಮೂಗಿಗೆ ಆಮ್ಲಜನಕ ಹಾಕುವಾಗ ಎಡಗೈಯಿಂದ ನಿಗಾರಳನ್ನು ಹತ್ತಿರ ಕರೆದು, ಬಟ್ಟೆ ಒಣಹಾಕುವ ಕ್ಲಿಪ್ಪೊಂದನ್ನು ಕೇಳಿ ಪಡೆದು, ಬೆಸುಗೆಯ ಜಾಗಕ್ಕೆ ಕಚ್ಚಿಸಿ, ಬೆಲ್ಟನ್ನು ಕಿಟಕಿಯ ಕಟ್ಟೆಯ ಮೇಲೆ ನೆರಳಿನ ಕಡೆಗೆ ಇಟ್ಟ.